ಒಂದು ಬಾವಿಗೆ ಒಂದು ಮುರುಗೋಡು

ಮೀನನ್ನು ನಾನು ಮೊದಲು ಕಂಡದ್ದು ಸಾರಿನಲ್ಲಿ. ಆಮೇಲೆ ಗದ್ದೆಯಲ್ಲಿ, ಬಾವಿಯಲ್ಲಿ, ಸಂತೆಯಲ್ಲಿ. ಗಾಜಿನ ಪೆಟ್ಟಿಗೆಯಲ್ಲಿ ಮೀನು ಬಿಟ್ಟು, ಅದಕ್ಕೊಂದು ದೀಪ ಹಾಕಿ, ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ನೋಡುತ್ತಾರೆ ಎಂಬುದು ಗೊತ್ತಾದದ್ದು ಕಾರ್ಗಲ್ಲಿನಲ್ಲಿ. ಅಲ್ಲಿ ಕ್ವಾರ್ಟರ್ಸಿನ ಒಂದು ಮನೆಯಲ್ಲಿ ನಾನು ಕೆಲಸಕ್ಕಿದ್ದೆ. ಪಾತ್ರೆ, ಬಟ್ಟೆ, ನೆಲ, ತರಕಾರಿ ಹೆಚ್ಚಿಕೊಡುವುದು. ಮೀನಿನ ಪೆಟ್ಟಿಗೆಯ ಗಾಜು ಒರೆಸುವುದೂ ನನ್ನ ಪಾಲಿಗೇ ಬಂತು.

"ತಿನ್ನದ ಮೀನಿಗೆ ಇಷ್ಟು ಚಾಕರಿಯಾ" ಎಂದು ಆ ಮನೆಯ ಅಮ್ಮನಿಗೆ ಮುಖಕ್ಕೇ ಹೇಳಿದ್ದೆ.

"ತಿನ್ನೋ ಮೀನಿಗೆ ನೀನು ಮಾಡಲ್ವಾ? ಮಸಾಲೆ ಅರೀತೀಯ, ಹುಳಿ ಹಿಂಡ್ತೀಯ. ಇದಕ್ಕೆ ಅದೂ ಇಲ್ವಲ್ಲ" ಎಂದರು ಅವರು.

ಆ ಹೆಂಗಸಿನ ಜೊತೆ ನನಗೆ ಹೊಂದಿಕೆಯಾದದ್ದು ಇಂಥ ಮಾತಿನಿಂದಲೇ.

ಪೆಟ್ಟಿಗೆ ದೊಡ್ಡದೇನಲ್ಲ. ಮೂರು ನಾಲ್ಕು ಕೊಡ ನೀರು ಹಿಡಿಯುತ್ತಿತ್ತು. ಅದರಲ್ಲಿ ಮೂರು ಜಾತಿಯ ಮೀನುಗಳು ಮೂರು ಅಂತಸ್ತಿನಲ್ಲಿ ಸಂಸಾರ ಮಾಡುತ್ತಿದ್ದವು. ಮೇಲೆ ಬಾಲವನ್ನು ಸೆರಗಿನ ಹಾಗೆ ಬಿಟ್ಟುಕೊಂಡು ತಿರುಗುವವು. ನಡುವೆ ದಾರದಷ್ಟು ಸಣ್ಣವು, ಕೆಂಪು ನೀಲಿ ಹೊಳೆಯುವವು. ಕೆಳಗೆ, ತಳದಲ್ಲಿ, ಮೀಸೆ ಇರುವ ನಾಲ್ಕು. ಹೆಬ್ಬೆರಳಿನಷ್ಟು ಉದ್ದ, ಮೈಮೇಲೆ ಹೆಂಚು ಹೊದಿಸಿದ ಹಾಗೆ ಗಟ್ಟಿ ಚಿಪ್ಪು, ಬೂದಿ ಬಣ್ಣಕ್ಕೆ ಕಪ್ಪು ಚುಕ್ಕೆ. ಈ ನಾಲ್ಕು ಇಡೀ ದಿನ ನೆಲ ಮೂಸುತ್ತಾ ಹೋಗುತ್ತಿದ್ದವು. ಒಂದು ಎಲ್ಲಿಗೆ ಹೋದರೆ ಉಳಿದ ಮೂರೂ ಅಲ್ಲಿಗೆ. ಒಂದು ಮಲಗಿದರೆ ಎಲ್ಲವೂ ಅದರ ಪಕ್ಕ ಒತ್ತಿಕೊಂಡು ಮಲಗುತ್ತಿದ್ದವು. ಇದ್ದಕ್ಕಿದ್ದ ಹಾಗೆ ಒಂದು ಸರ್ರನೆ ಮೇಲೆ ಹೋಗಿ ಒಂದು ಗುಟುಕು ಗಾಳಿ ಕುಡಿದು ಕೆಳಗೆ ಬೀಳುತ್ತಿತ್ತು. ಅದರ ಹಿಂದೆ ಮತ್ತೊಂದು. ಮೀನುಗಳಿಗೆ ರೆಪ್ಪೆ ಇರುವುದಿಲ್ಲ, ಆದರೆ ಇವು ಕಣ್ಣು ಹೊಡೆಯುತ್ತಿದ್ದವು. ಗುಡ್ಡೆಯನ್ನು ಒಮ್ಮೆ ಕೆಳಗೆ ತಿರುಗಿಸಿ ಮೇಲೆ ತರುವುದು. ನನ್ನ ಆಯುಷ್ಯದಲ್ಲಿ ನನಗೆ ಕಣ್ಣು ಹೊಡೆದದ್ದು ಅವೇ.

ನಮ್ಮವರು ಆಗ ಅಣೆಕಟ್ಟಿನ ಕಡೆ ಕೂಲಿ ಕೆಲಸದಲ್ಲಿದ್ದರು. ಸಂಜೆ ನನ್ನನ್ನು ಕರೆದುಕೊಂಡು ಹೋಗಲು ಬಂದವರು ಹಿತ್ತಲ ಬಾಗಿಲಲ್ಲೇ ಕೂರುತ್ತಿದ್ದರು. ಅಮ್ಮ ಒಂದು ದಿನ ಒಳಗೆ ಕರೆದು ಪೆಟ್ಟಿಗೆ ತೋರಿಸಿದರು. ಅಲ್ಲಿಂದ ಮುಂದೆ ನನ್ನ ಕೆಲಸ ಮುಗಿದರೂ ಅವರ ನೋಟ ಮುಗಿಯುತ್ತಿರಲಿಲ್ಲ. ಆ ಮನೆಯವರಿಗೆ ವರ್ಗವಾದಾಗ ಪೆಟ್ಟಿಗೆಯನ್ನು ಲಾರಿಯಲ್ಲಿ ಹಾಕಿಕೊಂಡು ಹೋಗುವ ಹಾಗಿರಲಿಲ್ಲ. ಅಮ್ಮ ಅದನ್ನು ನಮ್ಮವರಿಗೆ ಒಪ್ಪಿಸಿದರು.

"ನಿನಗೆ ಕೊಟ್ರೆ ಸಾರು ಮಾಡ್ತೀಯ. ನಿನ್ನ ಗಂಡನಿಗೆ ಕೊಡ್ತೀನಿ" ಎಂದರು ನನಗೆ. ಚಿಟಿಕೆಗಿಂತ ಹೆಚ್ಚು ಆಹಾರ ಹಾಕಬೇಡಿ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಸೋಪು ಮುಟ್ಟಿಸಬೇಡಿ ಎಂದು ಎಲ್ಲ ಹೇಳಿದರು. ಒಂದು ಮಾತು ಬಿಟ್ಟು. ಅದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದುಕೊಂಡಿದ್ದರೋ ಏನೋ.

ಹೊತ್ತಿಗೆ ಸರಿಯಾಗಿ ನಮ್ಮವರ ಕೆಲಸವೂ ಮುಗಿದಿತ್ತು. ಸಾಗರದಲ್ಲಿ ಎರಡು ಕೋಣೆಯ ಒಂದು ಮನೆ ಕಟ್ಟಿಕೊಂಡಿದ್ದೆವು, ಅಲ್ಲಿಗೆ ಬಂದೆವು. ಪೆಟ್ಟಿಗೆಯನ್ನು ಅಕ್ಕಿಯ ಮರದ ಪೆಟ್ಟಿಗೆಯ ಮೇಲೆ ಇಟ್ಟೆವು. ಅಕ್ಕಿ ತೆಗೆಯಬೇಕಾದರೆ ಮೀನು ಎತ್ತಬೇಕು ಎಂದು ಗೊತ್ತಾದ ಮೇಲೆ ಜಾಗ ಬದಲಾಯಿಸಿದೆವು. ಕಾರ್ಗಲ್ಲಿನ ಕ್ವಾರ್ಟರ್ಸಿನಲ್ಲಿ ಕರೆಂಟು ಹೋಗುವುದು ಕಡಿಮೆ. ಸಾಗರದಲ್ಲಿ ಗಾಳಿ ಬೀಸಿದರೆ ಹೋಗುತ್ತಿತ್ತು. ಹೋದ ಕೂಡಲೇ ಗುಳುಗುಳು ಎನ್ನುವ ಗಾಳಿ ಯಂತ್ರ ನಿಲ್ಲುತ್ತಿತ್ತು. ನಮ್ಮವರು ಸೌಟು ಹಿಡಿದು ನೀರು ಎತ್ತಿ ಹೊಯ್ಯುತ್ತಾ ಕೂರುತ್ತಿದ್ದರು. ಆ ಸೌಟು ಹೋದದ್ದು ಹೋಯಿತು, ಮತ್ತೆ ಅದನ್ನು ಸಾರಿಗೆ ಹಾಕಲು ನನಗೆ ಕೊಡಲಿಲ್ಲ. ತಳದ ಚೂಪು ಕಲ್ಲಿಗೆ ಆ ನಾಲ್ಕರ ಮೀಸೆ ಸವೆಯುತ್ತಿದೆ ಎಂದು ಕಂಡುಹಿಡಿದು, ವರದಮೂಲದ ಕಡೆಗೆ ಹೋಗಿ ಒಂದು ಚೀಲ ನುಣ್ಣನೆಯ ಮರಳು ತಂದರು. ತೊಳೆದವಳು ನಾನು. ಅಕ್ಕಿ ತೊಳೆದ ಹಾಗೆ ತೊಳೆದೆ, ನೀರು ತಿಳಿಯಾಗುವವರೆಗೆ.

ಇಷ್ಟೆಲ್ಲ ಮಾಡಿದ ಮನುಷ್ಯ ಆಮೇಲೆ ಮಾಡಿದ್ದನ್ನು ಕೇಳಿ.

ನಮ್ಮ ಕಡೆ ಬಾವಿಗೆ ಮೀನು ಬಿಡುವ ಪದ್ಧತಿ ಇದೆ. ಮಳೆಗಾಲದ ಮೊದಲು ಬಾವಿ ಇಳಿದು ಕೆಸರು ಎತ್ತಿದ ಮೇಲೆ ಒಂದು ಮುರುಗೋಡು ತಂದು ಬಿಡುತ್ತಾರೆ. ಮುರುಗೋಡು ಎಂದರೆ ಗದ್ದೆಯ ಕೆಸರಿನಲ್ಲಿರುವ ಮೀಸೆಯ ಮೀನು, ಕಪ್ಪಗೆ, ಮೊಳದುದ್ದ ಬೆಳೆಯುತ್ತದೆ. ಅದು ಬಾವಿಯ ಹುಳಹುಪ್ಪಟೆ ತಿಂದು ನೀರು ಚೊಕ್ಕ ಇಡುತ್ತದೆ ಎಂದು ಲೆಕ್ಕ. ಆದರೆ ಒಂದು ಬಾವಿಗೆ ಒಂದೇ. ಎರಡು ಬಿಟ್ಟರೆ ಕಚ್ಚಾಡುತ್ತವೆ, ನೀರು ಕೆಡುತ್ತದೆ, ಮನೆಯಲ್ಲೂ ಜಗಳ ಬೀಳುತ್ತದೆ ಎಂದು ನನ್ನ ಮಾವ ಹೇಳುತ್ತಿದ್ದರಂತೆ.

ನಮ್ಮವರು ಆ ನಾಲ್ಕರ ಮೀಸೆ ನೋಡಿ ನೋಡಿ ಒಂದು ದಿನ ತೀರ್ಮಾನ ಹೇಳಿದರು. "ಇವು ಮುರುಗೋಡಿನ ಜಾತಿನೇ ಕಣೆ. ಪರದೇಶದ ಮುರುಗೋಡು. ಇನ್ನೂ ಮರಿ. ದೊಡ್ಡವಾದ್ವು ಅಂದ್ರೆ ಸಣ್ಣ ಮೀನು ಒಂದೂ ಉಳಿಯಲ್ಲ."

"ಅಮ್ಮ ಹಾಗೆಂತ ಹೇಳಿಲ್ವಲ್ಲ."

"ಅವರು ಬಾವಿ ಇದ್ದ ಮನೇಲಿ ಹುಟ್ಟಿದವರಲ್ಲ. ಅವರಿಗೆಂತ ಗೊತ್ತು."

ನನಗೂ ಸರಿ ಎನಿಸಿತು. ಮೀಸೆ ಇತ್ತು, ತಳ ಹಿಡಿದಿತ್ತು, ಮತ್ತೇನು ಬೇಕು. ಪೆಟ್ಟಿಗೆ ಎಂದರೆ ಒಂದು ಬಾವಿ, ಬಾವಿಗೆ ಒಂದು. ಒಂದನ್ನು ಉಳಿಸಿಕೊಂಡು ಮೂರನ್ನು ಬೇಕಾದವರಿಗೆ ಕೊಡುವುದು ಎಂದಾಯಿತು. ಪಕ್ಕದ ಮನೆಯಾಕೆ ಬಾವಿ ಚೊಕ್ಕ ಮಾಡಿಸಿದ್ದಳು, ಒಂದನ್ನು ಒಯ್ದಳು. ಹೊಸನಗರದಿಂದ ನನ್ನ ನಾದಿನಿ, ಎಂದರೆ ಇವರ ತಂಗಿ, ಬಂದಿದ್ದಳು. ಮೀನು ನೋಡಿ, "ನಂಗೊಂದು ಕೊಡು ಸಣ್ಣಣ್ಣ" ಎಂದಳು. ಉಳಿದ ಎರಡನ್ನೂ ಅವಳಿಗೇ ಕೊಟ್ಟರು, ಯಾರಿಗಾದರೂ ಬೇಕಾದರೆ ಕೊಡು ಎಂದು. ಕೊಡುವುದರಲ್ಲಿ ಅವರ ಕೈ ಯಾವಾಗಲೂ ಮುಂದು. ಕೇಳುವುದಕ್ಕೆ ಮಾತ್ರ ಬಾಯಿ ಇರಲಿಲ್ಲ.

ಪೆಟ್ಟಿಗೆಯಲ್ಲಿ ಉಳಿದ ಒಂದು ಮೀನು ಮರುದಿನದಿಂದ ಮೂಲೆ ಹಿಡಿಯಿತು. ಗಾಳಿ ಯಂತ್ರದ ಹಿಂದೆ, ತಲೆ ಗೋಡೆಗೆ ಮಾಡಿ. ಮೂಸುವುದಿಲ್ಲ, ಗಾಳಿ ಕುಡಿಯಲು ಮೇಲೆ ಹೋಗುವುದು ಅಪರೂಪ. ತಿನ್ನಲು ಹಾಕಿದ್ದು ಮರಳಿನ ಮೇಲೆ ಹಾಗೇ ಬೂಷ್ಟು ಹಿಡಿಯುತ್ತಿತ್ತು. ಕಣ್ಣು ಹೊಡೆಯುವುದಂತೂ ನಿಂತೇ ಹೋಯಿತು. ನಮ್ಮವರು ಅದರ ಎದುರು ಕೂತು ಸಣ್ಣ ದನಿಯಲ್ಲಿ ಏನೇನೋ ಹೇಳುತ್ತಿದ್ದರು. ನಾನು ಕೇಳಿಸಿಕೊಳ್ಳದವಳ ಹಾಗೆ ಗುಡಿಸುತ್ತಿದ್ದೆ.

ಆಗ ಕ್ವಾರ್ಟರ್ಸಿನ ಅಮ್ಮನ ಫೋನು ಬಂತು. ನಮ್ಮವರು ಹೆಮ್ಮೆಯಿಂದಲೇ ಹೇಳಿದರು, ಹೀಗೆ ಹೀಗೆ, ಮೂರನ್ನು ಒಳ್ಳೆಯ ಬಾವಿಗಳಿಗೆ ಸೇರಿಸಿದ್ದೇವೆ, ನೀವು ಚಿಂತೆ ಮಾಡಬೇಡಿ ಎಂದು. ಆಮೇಲೆ ಅಮ್ಮ ಹೇಳಿದ್ದು ನನಗೂ ಕೇಳಿಸಿತು.

"ಅವು ಮುರುಗೋಡಲ್ಲ. ಈಗಿರೋದಕ್ಕಿಂತ ದೊಡ್ಡವೇ ಆಗಲ್ಲ. ಯಾರನ್ನೂ ತಿನ್ನಲ್ಲ. ಅವು ಗುಂಪಲ್ಲೇ ಬದುಕೋ ಜೀವ. ಒಂಟಿ ಮಾಡಿದ್ರೆ ಹೆದರಿಕೇಲೇ ಊಟ ಬಿಟ್ಟು ಹೋಗ್ತವೆ. ಕಡಿಮೆ ಅಂದ್ರೂ ಮೂರಾದ್ರೂ ಜೊತೆಗಿರಬೇಕು."

ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಇವರು ಫೋನು ಇಟ್ಟು ಗೋಡೆಗೆ ಒರಗಿ ಕೂತರು.

"ನಂಬಿ ಬಿಟ್ಟು ಹೋಗಿದ್ರು" ಎಂದರು.

"ಹಾಗಾದ್ರೆ ಹೋಗಿ ವಾಪಸ್ ತಗೊಂಡು ಬನ್ನಿ."

"ಕೊಟ್ಟದ್ದನ್ನ ಕೇಳೋದಾ?"

"ಕೇಳ್ದೆ ಕದಿಯೋದಾ?"

ಅಂಥ ಮೀನು ಅಂಗಡಿಯಲ್ಲಿ ಸಿಗುತ್ತದೆ ಎಂದು ನಮಗೆ ಗೊತ್ತಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಗೊತ್ತಿರಲಿಲ್ಲ. ಆ ನಾಲ್ಕು ಬಿಟ್ಟರೆ ಭೂಮಿಯ ಮೇಲೆ ಬೇರೆ ಇಲ್ಲ ಎನ್ನುವ ಹಾಗೆ ಇದ್ದೆವು.

ಪಕ್ಕದ ಮನೆಯಾಕೆಯನ್ನು ನಾನೇ ಕೇಳಿದೆ. "ಹಿಡ್ಕೊಂಡು ಹೋಗು, ನಾನೆಂತ ಕಟ್ಟಿ ಹಾಕಿದೀನಾ?" ಎಂದು ಬಾವಿ ತೋರಿಸಿದಳು. ಬಗ್ಗಿ ನೋಡಿದರೆ ಆಳದಲ್ಲಿ ನಮ್ಮ ತಲೆಗಳೇ ಕಾಣುತ್ತಿದ್ದವು. ಬಟ್ಟೆಯಲ್ಲಿ ತೌಡು ಕಟ್ಟಿ ಕೊಡದಲ್ಲಿ ಇಟ್ಟು ಇಳಿಬಿಟ್ಟೆವು. ಕೊಡದಲ್ಲಿ ನೀರು ಬಂತು, ಒಂದು ಕಪ್ಪೆ ಬಂತು, ಮತ್ತೊಮ್ಮೆ ಅದೇ ಕಪ್ಪೆ ಬಂತು. ಪಕ್ಕದ ಮನೆಯಾಕೆ ಕಟ್ಟೆಗೆ ಕೂತು, "ನಿನ್ನ ಗಂಡನ್ನೇ ಇಳಿಸಿ ನೋಡು, ಮೀಸೆ ಇದ್ಯಲ್ಲ, ನೆಂಟರು ಬಂದ್ರು ಅಂತ ಮೇಲೆ ಬರಬಹುದು" ಎಂದಳು. ಇವರಿಗೆ ನಗು ಬರಲಿಲ್ಲ. ಆ ಮೀನು ಹೋಯಿತು ಎಂದು ಇಟ್ಟುಕೊಂಡೆವು.

ಉಳಿದದ್ದು ನಾದಿನಿಯ ಎರಡು. ನಮ್ಮದೊಂದು ಸೇರಿದರೆ ಮೂರು. ಅಮ್ಮ ಹೇಳಿದ ಮೂರು. ಫೋನು ಮಾಡಿದರೆ ನಾದಿನಿ ಹೇಳಿದಳು, "ನಂದು ಬಟ್ಟೆ ಒಗೆಯೋ ಕಲ್ಲಿನ ಹತ್ರ ಸಿಮೆಂಟು ತೊಟ್ಟೀಲಿದೆ, ಬಾವೀಗೆ ಬ್ಲೀಚಿಂಗ್ ಹಾಕಿದ್ರು, ಬಿಡಲಿಲ್ಲ. ಇನ್ನೊಂದನ್ನ ದೊಡ್ಡಣ್ಣನ ಮನೆಗೆ ಕೊಟ್ಟೆ."

ಇವರು ಫೋನನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು.

ದೊಡ್ಡಣ್ಣ ಎಂದರೆ ಇವರ ಅಣ್ಣ, ನನಗೆ ಭಾವ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಇಳಿದು ಒಳಗೆ ನಡೆಯಬೇಕು, ಅಲ್ಲಿ ಇವರು ಹುಟ್ಟಿದ ಮನೆ. ಆ ಗದ್ದೆಯನ್ನು ಇವರ ಅಪ್ಪ ಗೇಣಿಗೆ ಮಾಡುತ್ತಿದ್ದವರು, ಆಮೇಲೆ ಸ್ವಂತವಾಯಿತು. ಅಪ್ಪ ಹೋದ ಮೇಲೆ ಅಣ್ಣತಮ್ಮ ಪಾಲು ಮಾಡಿಕೊಂಡರು. ಪಾಲಿನಲ್ಲಿ ಜಗಳವಾಗಲಿಲ್ಲ. ಎಲ್ಲ ಸರಿಯಾಗಿಯೇ ಹೋಯಿತು. ಕೆಳಗಿನ ಗದ್ದೆ ಅಣ್ಣನಿಗೆ ಬಂತು. ಆ ಗದ್ದೆಯ ಅಂಚಿನಲ್ಲಿ ಒಂದು ಕಂಡಿ ಇತ್ತು, ಎಂದರೆ ಗದ್ದೆಯ ನೀರು ಹಳ್ಳಕ್ಕೆ ಇಳಿಯುವ ಬಾಯಿ. ಮೊದಲ ಮಳೆ ಬಿದ್ದು ಹಳ್ಳ ಕೆಂಪಾದಾಗ ಮೀನು ಆ ಕಂಡಿಯ ಮೂಲಕ ಗದ್ದೆಗೆ ಹತ್ತುತ್ತವೆ, ಮೊಟ್ಟೆ ಇಡಲಿಕ್ಕೆ. ಹತ್ತುವ ಮೀನಿನ ಹೊತ್ತು ವರ್ಷಕ್ಕೊಮ್ಮೆ. ಬಿದಿರಿನಲ್ಲಿ ಹೆಣೆದ ಕೂಣಿ ಎಂಬ ಬುಟ್ಟಿಯನ್ನು ಕಂಡಿಗೆ ಒಡ್ಡಿದರೆ ಒಳಗೆ ಹೊಕ್ಕ ಮೀನು ಹೊರಗೆ ಬರುವುದಿಲ್ಲ. ಕೂಣಿ ಹೆಣೆಯುವುದು, ಒಡ್ಡುವುದು ಚಿಕ್ಕಂದಿನಿಂದ ಇವರ ಕೆಲಸ. ಅಣ್ಣ ದೊಂದಿ ಹಿಡಿಯುವುದು, ತಮ್ಮ ಕೂಣಿ ಒಡ್ಡುವುದು. ಪಾಲಾದ ವರ್ಷ ಮೊದಲ ಮಳೆ ಬಿದ್ದಾಗ ಇವರು ಯಾವತ್ತಿನ ಹಾಗೆ ಕೂಣಿ ಹೊತ್ತು ಕಂಡಿಗೆ ಹೋದರು. ಅಣ್ಣ ಆಗಲೇ ಅಲ್ಲಿ ನಿಂತಿದ್ದರು.

"ಇದು ಈಗ ನನ್ನ ಗದ್ದೆ ಕಣಾ" ಎಂದರಂತೆ.

ಅಷ್ಟೇ ಮಾತು. ತಮಾಷೆಗೆ ಹೇಳಿದರೋ ನಿಜಕ್ಕೆ ಹೇಳಿದರೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಇವರು ಕೂಣಿಯನ್ನು ಅಲ್ಲೇ ಇಳಿಸಿ ಬಂದರು. ಇನ್ನು ಆ ಮನೆಯಲ್ಲಿ ಉಂಡು ಕೈ ತೊಳೆಯುವುದಿಲ್ಲ ಎಂದರು. ತಮ್ಮ ಪಾಲನ್ನು ಗೇಣಿಗೆ ಬಿಟ್ಟು ನನ್ನನ್ನು ಕರೆದುಕೊಂಡು ಕಾರ್ಗಲ್ಲಿಗೆ ಬಂದರು. ಮದುವೆ, ತಿಥಿಗೆ ಹೋದರೆ ನೀರು ಕುಡಿದು ಬರುವುದು, ಊಟದ ಹೊತ್ತಿಗೆ ಹೊರಗೆ ಬೀಡಿ ಸೇದುತ್ತಾ ನಿಲ್ಲುವುದು. ನನ್ನ ತಲೆ ನರೆತರೂ ಅದು ಮುಗಿಯಲಿಲ್ಲ.

ಹಾಲಿನ ಕ್ಯಾನಿನಲ್ಲಿ ಪೆಟ್ಟಿಗೆಯದೇ ನೀರು ತುಂಬಿಕೊಂಡು ನಾವು ಬೆಳಗ್ಗೆ ಬಸ್ಸು ಹತ್ತಿದೆವು. "ಹೊಸನಗರಕ್ಕೆ ಮಾತ್ರ" ಎಂದು ಇವರು ಮೊದಲೇ ಹೇಳಿದ್ದರು. ಕಂಡಕ್ಟರು ಕ್ಯಾನು ನೋಡಿ, "ಎಂತಮ್ಮ, ಹಾಲಾ?" ಎಂದ.

"ನೀರು."

"ಹೊಸನಗರಕ್ಕೆ ನೀರು ಹೊತ್ಕೊಂಡು ಹೋಗ್ತೀರಾ? ಅಲ್ಲಿರೋದೇ ಸಾಕಾಗಿದೆ ನಮಗೆ."

"ಮೀನು ತರಕ್ಕೆ" ಎಂದೆ. ಅವನು ಇವರ ಮುಖ ನೋಡಿ ಮುಂದೆ ಹೋದ.

ನಾದಿನಿಯ ಮೀನು ತೊಟ್ಟಿಯ ಪಾಚಿಯಲ್ಲಿ ಸಣ್ಣಗಾಗಿ ಕೂತಿತ್ತು. ತೂತಿನ ಸೌಟಿನಲ್ಲೇ ಎತ್ತಿ ಕ್ಯಾನಿಗೆ ಬಿಟ್ಟೆ. ಅವಳು ನಮಗೆ ಊಟ ಹಾಕಿ, "ಎರಡಾಯ್ತಲ್ಲ ಸಣ್ಣಣ್ಣ, ಸಾಕಲ್ದಾ" ಎಂದಳು. ಅವಳಿಗೂ ಹೆದರಿಕೆ.

"ಮೂರು ಬೇಕು" ಎಂದರು ಇವರು. ಎಂದವರು ಅಲ್ಲೇ ಕೂತರು. ಕ್ಯಾನಿನ ಮುಚ್ಚಳ ತೆಗೆಯುವುದು, ನೋಡುವುದು, ಮುಚ್ಚುವುದು. ನೋಡಿ ನೋಡಿ ನನಗೆ ಸಾಕಾಯಿತು.

"ಬಸ್ ಸ್ಟ್ಯಾಂಡಿನಿಂದ ಸಾಗರಕ್ಕೂ ಬಸ್ಸಿದೆ, ತೀರ್ಥಹಳ್ಳಿಗೂ ಬಸ್ಸಿದೆ. ಯಾವುದು ಹತ್ತಬೇಕು ಹೇಳಿ, ನಂಗೆ ಕಾಲು ನೋಯ್ತದೆ" ಎಂದೆ.

ಅವರು ಬಸ್ ಸ್ಟ್ಯಾಂಡಿಗೆ ಹೋಗಿ ಕ್ಯಾನು ಹಿಡಿದುಕೊಂಡು ತೀರ್ಥಹಳ್ಳಿಯ ಬಸ್ಸಿನ ಮೆಟ್ಟಿಲು ಹತ್ತಿದರು.

ತೀರ್ಥಹಳ್ಳಿಯಲ್ಲಿ ಇನ್ನೊಂದು ಬಸ್ಸು ಹಿಡಿದು ನಾವು ಹೋಗಿ ಮುಟ್ಟುವಾಗ ಆಗುಂಬೆಯ ದಿಕ್ಕು ಹಂಡೆಯ ತಳದ ಹಾಗೆ ಕಪ್ಪಾಗಿತ್ತು. ಭಾವ ಜಗಲಿಯಲ್ಲಿ ಕೂತು ಬಿದಿರು ಸೀಳುತ್ತಿದ್ದರು. ಪಕ್ಕದಲ್ಲಿ ಅರ್ಧ ಹೆಣೆದ ಕೂಣಿ. ಅಂಗಳದ ಮೂಲೆಯ ಕಲ್ಲು ಮರಿಗೆಯಲ್ಲಿ, ಎಮ್ಮೆಗೆ ನೀರು ಇಡುವ ಕಲ್ಲಿನ ತೊಟ್ಟಿಯಲ್ಲಿ, ನಮ್ಮ ಮೀನು. ಅವರ ಬಾವಿಯಲ್ಲಿ ಒಂದು ಮುರುಗೋಡು ಇತ್ತು. ಬಾವಿಗೆ ಒಂದೇ. ಅದಕ್ಕೆ ಇದನ್ನು ಮರಿಗೆಗೆ ಬಿಟ್ಟಿದ್ದರು. ಅಪ್ಪನ ಮಾತು ಇಬ್ಬರೂ ಮಕ್ಕಳು ಚೆನ್ನಾಗಿ ಪಾಲಿಸಿದ್ದರು.

"ಆ ಮೀನು ಬೇಕಿತ್ತು" ಎಂದರು ಇವರು, ನಿಂತುಕೊಂಡೇ. ಇಷ್ಟು ವರ್ಷದ ಮೇಲೆ ಅಣ್ಣನನ್ನು ಕೇಳಿದ ಮೊದಲ ಮಾತು.

ಭಾವ ಕತ್ತಿ ಇಳಿಸಲಿಲ್ಲ. "ಕೊಟ್ಟ ಮೇಲೆ ಕೇಳ್ತಾರೇನಾ?"

"ನಾನು ನಿಂಗೆ ಕೊಟ್ಟಿದ್ದಲ್ಲ. ತಂಗಿ ಕೊಟ್ಟಿದ್ದು."

"ಹಂಗಾರೆ ತಂಗೀನ ಕೇಳು."

ಇವರು ಕ್ಯಾನು ಎತ್ತಿಕೊಂಡರು. ಭಾವ ತಲೆ ಎತ್ತಿ ಕ್ಯಾನು ನೋಡಿ, ಇವರನ್ನು ನೋಡಿ, "ಉಂಡು ತಗೊಂಡು ಹೋಗು" ಎಂದರು. "ಉಣ್ಣದೆ ಹೋಗೋದಾದ್ರೆ ಮೀನಿಲ್ಲ."

ಇವರು ಮರಿಗೆಯ ಕಡೆ ಒಮ್ಮೆ ನೋಡಿದರು. ಆ ಮೀನೂ ನಮ್ಮ ಮನೆಯದರ ಹಾಗೆಯೇ ತಲೆಯನ್ನು ಕಲ್ಲಿಗೆ ಒತ್ತಿಕೊಂಡು ಕೂತಿತ್ತು. ನೋಡಿ, ಚಪ್ಪಲಿ ಹಾಕಿಕೊಳ್ಳಲು ತಿರುಗಿದರು. ಮೀನು ಬಿಟ್ಟು ಹೋಗುವವರೇ. ಅವರನ್ನು ನಾನು ಬಲ್ಲೆ.

ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಜೊತೆ ನೇರ ಮಾತಾಡುವ ಹಾಗಿಲ್ಲ. ಎದುರು ಕೂರುವುದಿಲ್ಲ, ಹೆಸರು ಹೇಳುವುದಿಲ್ಲ. ಹೇಳಲೇಬೇಕಾದ್ದಿದ್ದರೆ ಮಗುವಿಗೋ ನಾಯಿಗೋ ಹೇಳುವುದು, ಅವರು ಕೇಳಿಸಿಕೊಳ್ಳುವುದು. ಅವತ್ತು ಅಲ್ಲಿ ಮಗುವೂ ಇರಲಿಲ್ಲ, ನಾಯಿಯೂ ಇರಲಿಲ್ಲ. ನಾನು ಬಾಗಿಲ ಹತ್ತಿರದ ಕಂಬಕ್ಕೆ ಹೇಳಿದೆ.

"ಕಂಬವೇ, ಕೇಳು. ಒಂದು ಬಾವಿಗೆ ಒಂದೇ ಅಂತ ನನ್ನ ಮಾವ ಹೇಳಿದ್ದು ಮುರುಗೋಡಿಗೆ. ಮಕ್ಕಳು ತಮಗೇ ಹೇಳಿದ್ದು ಅಂದ್ಕೊಂಡ್ರೋ ಏನೋ. ಒಬ್ರು ಈ ಮರಿಗೇಲಿ, ಒಬ್ರು ಆ ಗಾಜಿನ ಪೆಟ್ಟಿಗೇಲಿ ಮೂತಿ ತಿರುಗಿಸ್ಕೊಂಡು ಕೂತಿದಾರೆ. ನಂಗೆ ಬೆಳಗ್ಗಿಂದ ಬಸ್ಸಲ್ಲಿ ಕೂತು ಹಸಿವಾಗಿದೆ. ನಾನಂತೂ ಉಣ್ತೀನಿ."

ಒಳಗಿನಿಂದ ಭಾವನ ಹೆಂಡತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಭಾವನೂ ಕಂಬದ ಕಡೆಗೇ ತಿರುಗಿದರು.

"ಕಂಬವೇ, ನಿಂಗೆ ಬಾಯಿ ಜಾಸ್ತಿ ಆಯ್ತು" ಎಂದರು.

ಅಷ್ಟು ಹೊತ್ತಿಗೆ ಗುಡ್ಡದ ಆಚೆ ಗುಡುಗಿತು. ಹೆಂಚಿನ ಮೇಲೆ ದಪ್ಪ ಹನಿ ಬಿತ್ತು. ಆ ವರ್ಷದ ಮೊದಲ ಮಳೆ. ಇಬ್ಬರೂ ಅಂಗಳದ ಕಡೆ ನೋಡಿದರು. ಭಾವ ಅರ್ಧ ಹೆಣೆದ ಕೂಣಿಯನ್ನು ಕಾಲಿನಿಂದ ಇವರ ಕಡೆ ದೂಡಿದರು.

"ಬಾಯಿ ಹತ್ರ ಸಡ್ಲ ಬರ್ತದೆ ನಂಗೆ. ವರ್ಷಾನೂ ಅರ್ಧ ಮೀನು ತಪ್ಸ್ಕೊಂಡು ಹೋಗ್ತವೆ."

ಇವರು ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ ಕ್ಯಾನನ್ನು ಕಂಬದ ಬುಡಕ್ಕೆ ಇಟ್ಟು, ಕೂತು, ಕೂಣಿ ಎಳೆದುಕೊಂಡರು. ಭಾವ ಹೆಣೆದದ್ದನ್ನು ಪೂರ್ತಿ ಬಿಚ್ಚಿದರು. "ಇದು ಕೂಣಿಯಾ, ಕೋಳಿ ಮುಚ್ಚೋ ಬುಟ್ಟಿಯಾ" ಎಂದರು. ಭಾವ ಬಿದಿರಿನ ಎಳೆ ಒಂದೊಂದೇ ಸೀಳಿ ಕೈಗೆ ಕೊಟ್ಟರು.

ಸಂಜೆ ಬೆಳಕಿರುವಾಗಲೇ ಹಳ್ಳ ಕೆಂಪಾಯಿತು. ಇಬ್ಬರು ಮುದುಕರು ಗೊಬ್ಬರದ ಚೀಲವನ್ನು ತಲೆಗೆ ಕೊಪ್ಪೆ ಮಾಡಿಕೊಂಡು ಕೆಳಗಿನ ಗದ್ದೆಗೆ ಇಳಿದರು. ನಾನು ಮತ್ತು ಅಕ್ಕ, ಎಂದರೆ ಭಾವನ ಹೆಂಡತಿ, ಜಗಲಿಯಿಂದ ನೋಡುತ್ತಿದ್ದೆವು. ಕಂಡಿಯ ಹತ್ತಿರ ಇವರು ಬಗ್ಗಿದ್ದು ಕಾಣಿಸಿತು. ಭಾವ ಕೊಡೆ ಬಿಡಿಸಿ ಇವರ ಮೇಲೆ ಹಿಡಿದು ನಿಂತಿದ್ದೂ ಕಾಣಿಸಿತು. ಮಾತಾಡಿದರೋ ಇಲ್ಲವೋ, ಅಷ್ಟು ದೂರಕ್ಕೆ ಕೇಳಿಸಲಿಲ್ಲ. ನಾನು ಆಮೇಲೂ ಕೇಳಲಿಲ್ಲ.

ಬೆಳಗಾಗುವಾಗ ಕೂಣಿ ಎತ್ತಲಾರದಷ್ಟು ಭಾರವಾಗಿತ್ತು. ನಾನು ಮೀನು ಉಜ್ಜಿದೆ, ಅಕ್ಕ ಅರೆದಳು. ಹತ್ತುವ ಮೀನಿನ ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ, ಅದರ ಸಾರಿಗೆ ಬೇರೆಯದೇ ರುಚಿ. ಇವರ ಎದುರು ಎಲೆ ಹಾಕಿದಾಗ ನಾನು ಬೇಕೆಂದೇ ಅಡಿಗೆಮನೆಗೆ ಹೋದೆ. ಬಗ್ಗಿ ನೋಡಿದರೆ ಉಣ್ಣುತ್ತಿದ್ದರು. ಎರಡನೆಯ ಸಲ ಅನ್ನ ಕೇಳಿದರು. ಉಂಡು ಎದ್ದಾಗ ಭಾವ ಚೊಂಬಿನಿಂದ ಕೈಗೆ ನೀರು ಹೊಯ್ದರು. ಇವರು ಕೈ ತೊಳೆದರು.

ನಮ್ಮ ಮೀನನ್ನು ಮರಿಗೆಯಿಂದ ಎತ್ತಿ ಕ್ಯಾನಿಗೆ ಬಿಟ್ಟದ್ದು ಭಾವನೇ. ಮೊದಲಿದ್ದದ್ದು ಅದರ ಹತ್ತಿರ ಬಂದು ಮೂಸಿತು. ಆಮೇಲೆ ಎರಡೂ ತಳದಲ್ಲಿ ಒಂದಕ್ಕೊಂದು ಒತ್ತಿಕೊಂಡವು. ಭಾವ ಕ್ಯಾನಿನೊಳಗೆ ಮುಖ ಹಾಕಿ ಬಹಳ ಹೊತ್ತು ನೋಡಿದರು.

"ಇಷ್ಟೇಯಾ ಬೆಳೆಯೋದು?"

"ಇಷ್ಟೇ" ಎಂದರು ಇವರು.

"ಇದಕ್ಕೆ ಮೂರು ತಾಲೂಕು ತಿರುಗಿದ್ಯಾ? ನೀನು ಸಣ್ಣೋನಿದ್ದಾಗಿಂದ್ಲೂ ಹಿಂಗೇ."

ಸಾಗರದಲ್ಲಿ ಪೆಟ್ಟಿಗೆಗೆ ಬಿಟ್ಟ ಮೇಲೆ ಮೂಲೆಯ ಮೀನು ಹೊರಗೆ ಬರಲು ಸ್ವಲ್ಪ ಹೊತ್ತು ತೆಗೆದುಕೊಂಡಿತು. ಮೊದಲು ಮೀಸೆ ಬಂತು. ಆಮೇಲೆ ತಲೆ. ಸಂಜೆಯ ಹೊತ್ತಿಗೆ ಮೂರೂ ಸಾಲಾಗಿ ಮರಳು ಮೂಸುತ್ತಾ ಹೋಗುತ್ತಿದ್ದವು. ನಾನು ಒಲೆ ಹಚ್ಚಲು ಹೋದೆ. ಇವರು ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.

ಮುಂದೆ ಆಸ್ಪತ್ರೆಗೆಂದು ಶಿವಮೊಗ್ಗಕ್ಕೆ ಹೋದಾಗ ಒಂದು ಅಂಗಡಿಯಲ್ಲಿ ಅದೇ ಮೀನು ರಾಶಿ ಬಿದ್ದಿರುವುದನ್ನು ಕಂಡೆವು. ಇವರು ಗಾಜಿನ ಎದುರು ನಿಂತು ನನ್ನ ಮುಖ ನೋಡಿದರು. ಕೆಲವನ್ನು ತಂದು ಮೂರಕ್ಕೆ ಸೇರಿಸಿದೆವು.

ಮರುವರ್ಷ ಮೊದಲ ಮಳೆಯ ದಿನ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಪೆಟ್ಟಿಗೆಯ ನೀರು ಬದಲಿಸುವ ದಿನ ಅದು. ನಾನು ಸೂರಿನ ಕೆಳಗೆ ಇಟ್ಟಿದ್ದ ಹಂಡೆಯಿಂದ ತಣ್ಣನೆಯ ಮಳೆನೀರು ತಂದು ಹೊಯ್ದೆ. ಮೀನುಗಳಿಗೆ ಹುಚ್ಚು ಹಿಡಿದ ಹಾಗಾಯಿತು. ಗಾಜಿನ ಗೋಡೆಗೆ ಹೊಟ್ಟೆ ತಾಗಿಸಿಕೊಂಡು ಮೇಲಕ್ಕೆ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಇವರು, "ನೀರೆಂತ ಹಾಕ್ದೆ, ಸಾಯಿಸ್ತೀಯ" ಎಂದು ಬೈದರು. ಮರುದಿನ ನೋಡಿದರೆ ಗಾಜಿನ ಮೇಲೆ ನೆನೆಸಿದ ಸಾಬಕ್ಕಿಯ ಹಾಗೆ ಮೊಟ್ಟೆಗಳು ಅಂಟಿದ್ದವು. ಇವರು ಗಾಜಿಗೆ ಮೂಗು ತಾಗಿಸಿ ಒಂದೊಂದನ್ನೇ ಎಣಿಸಿದರು. ಆಮೇಲೆ ಫೋನು ತೆಗೆದುಕೊಂಡು ಅಣ್ಣನಿಗೆ ಮಾಡಿದರು.

"ಇಲ್ಲಿ ಹತ್ತಿದ್ವು ಕಣಾ" ಎಂದರು. "ಗಾಜಿಗೆ."

ಅಲ್ಲಿಂದ ಅದು ರೂಢಿಯಾಯಿತು. ಮಳೆ ಮೊದಲು ಬೀಳುವುದು ಆಗುಂಬೆಯ ಕಡೆಗೆ. ಬಿದ್ದ ಕೂಡಲೇ ಭಾವನ ಫೋನು. "ಇಲ್ಲಿ ಹತ್ತಿದ್ವು. ಅಲ್ಲಿ?" ಇಲ್ಲಿ ಮಳೆ ಬಂದ ಮೇಲೆ ನಾನು ಹಂಡೆಯ ನೀರು ಹೊಯ್ಯುವುದು, ಇವರು ಉತ್ತರ ಹೇಳುವುದು. ಕಂಡಿಯ ಮಾತನ್ನು ಇಬ್ಬರೂ ಒಂದು ದಿನಕ್ಕೂ ಎತ್ತಲಿಲ್ಲ. ಕೂಣಿ ಹೆಣೆಯಲು ಇವರು ಪ್ರತಿ ವರ್ಷ ಹೋಗುತ್ತಿದ್ದರು. ನಾನು ಮೀನಿಗೆ ಹಾಕಲು ಮನೆಯಲ್ಲಿ ಉಳಿಯುತ್ತಿದ್ದೆ. ಡಬ್ಬದ ಮೇಲೆ ಇಂಗ್ಲಿಷಿನಲ್ಲಿ ಏನು ಬರೆದಿದೆಯೋ ನನಗೆ ಓದಲು ಬರುವುದಿಲ್ಲ. ಚಿಟಿಕೆ ಗೊತ್ತು.

ಇವರು ತೀರಿಕೊಂಡದ್ದು ಒಂದು ಚಳಿಗಾಲದಲ್ಲಿ. ಭಾವ ಬಂದಿದ್ದರು, ಕಂಬಕ್ಕೆ ಒರಗಿ ಕೂತಿದ್ದು ಹೋದರು. ಪೆಟ್ಟಿಗೆಯನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಹೇಳಿದವರಿದ್ದರು. ನಾನು ಕೊಡಲಿಲ್ಲ. ಈಗ ಇರುವ ಮೀನುಗಳು ಆ ಮೂರರ ಮಕ್ಕಳೋ ಅಂಗಡಿಯವುಗಳ ಮಕ್ಕಳೋ ನನಗೆ ಗುರುತಿಲ್ಲ. ಎಲ್ಲವೂ ಒಟ್ಟಿಗೇ ತಿರುಗುತ್ತವೆ, ಒಟ್ಟಿಗೇ ಮಲಗುತ್ತವೆ. ಕರೆಂಟು ಹೋದರೆ ಸೌಟು ನಾನು ಹಿಡಿಯುತ್ತೇನೆ.

ಇವರು ಹೋದ ಮೇಲೆ ಬಂದ ಮೊದಲ ಮಳೆಗೆ ಫೋನು ಬಂತು. ಎತ್ತಿದವಳು ನಾನು. ಆ ಕಡೆ ಭಾವನ ಉಸಿರು ಕೇಳಿಸುತ್ತಿತ್ತು. ಅವರಿಗೂ ಗೊತ್ತಿತ್ತು ಎತ್ತುವವಳು ನಾನೇ ಎಂದು. ಬಹಳ ಹೊತ್ತಿನ ಮೇಲೆ, "ಇಲ್ಲಿ ಹತ್ತಿದ್ವು" ಎಂದರು, ಯಾರಿಗೆ ಎಂದು ಹೇಳದೆ.

ಹೊರಗೆ ನಮ್ಮಲ್ಲೂ ರಾತ್ರಿಯಿಂದ ಹನಿ ಬೀಳುತ್ತಿತ್ತು. ಬೆಳಗ್ಗೆಯೇ ನಾನು ಹಂಡೆಯ ನೀರು ಹೊಯ್ದಾಗಿತ್ತು, ಮೀನುಗಳು ಗಾಜು ಹತ್ತುತ್ತಿದ್ದವು. ಫೋನನ್ನು ಕಿವಿಯಿಂದ ತೆಗೆದು ಪೆಟ್ಟಿಗೆಯ ಗಾಜಿನ ಹತ್ತಿರ ಹಿಡಿದೆ. ಹಿಡಿದುಕೊಂಡು ಮೀನುಗಳಿಗೆ ಹೇಳಿದೆ.

"ಇಲ್ಲೂ ಹತ್ತಿದ್ವು ಅಂತ ಹೇಳ್ರೇ. ಕೂಣಿ ಬಾಯಿ ಬಿಗಿಯಾಗಿ ಕಟ್ಟಕ್ಕೆ ಹೇಳಿ, ಈ ಸಲ ಕಟ್ಟೋರು ಅವರೊಬ್ರೇ. ಮೀನು ಉಜ್ಜೋಕೆ ನಾಳೆ ಬಸ್ಸಿಗೆ ನಾನು ಬರ್ತೀನಿ ಅಂತಾನೂ ಹೇಳಿ."